ಮೊಮ್ಮಗುವಿನ ಮಾಸಾಶನಕ್ಕೆ ಅಜ್ಜಿಯ ರುಜು ಸಾಲದೇ?

‘ಮಗು ನಮ್ಮ ಹತ್ತಿರ ಇದೆ. ಅದರ ಅಮ್ಮ ತೀರಿಕೊಂಡಳು, ಅಪ್ಪ ಇನ್ನೊಂದು ಮದುವೆಯಾಗಿ ಎಲ್ಲಿದ್ದಾನೋ ತಿಳಿಯದು. ಅಂಗವಿಕಲರ ಪಿಂಚಣಿಗೆ ಅರ್ಜಿ ಹಾಕೋಣವೆಂದು ಹೋದರೆ ಅಪ್ಪನ ಆಧಾರ್ ಕಾರ್ಡು ತನ್ನಿ ಅನ್ನುತ್ತಾರೆ. ನಾವು ಎಲ್ಲಿಂದ ತರೋಣ?’

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಇದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಕೈಬರಹದಲ್ಲಿ ಮತ್ತೆ ಮತ್ತೆ ಬರುತ್ತದೆ. ಬರೆದವರು ಸಾಮಾನ್ಯವಾಗಿ ಅಜ್ಜಿಯಲ್ಲ. ಪಕ್ಕದ ಮನೆಯ ಕಾಲೇಜು ಹುಡುಗಿ, ಅಂಗನವಾಡಿಯ ಟೀಚರ್, ಇಲ್ಲವೇ ಊರಿನ ಶಾಲೆಯ ಮೇಷ್ಟ್ರು. ಕೊನೆಗೊಂದು ಸಾಲು ಸೇರಿಸಿರುತ್ತಾರೆ: ‘ಅಜ್ಜಿಗೆ ವಯಸ್ಸಾಗಿದೆ, ಬೇಗ ತಿಳಿಸಿ.’ ಆ ಸಾಲು ನನ್ನನ್ನು ಕಾಡುತ್ತದೆ. ಆದ್ದರಿಂದ ಒಬ್ಬೊಬ್ಬರಿಗೆ ಬರೆಯುವ ಬದಲು ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಅಂಗವೈಕಲ್ಯದ ಮಾಸಾಶನವಿರಲಿ, ಆರೋಗ್ಯ ವಿಮೆಯಿರಲಿ, ಶಾಲೆಯ ಸೌಲಭ್ಯವಿರಲಿ, ಅದು ಮಗುವಿಗೆ ಸೇರಿದ್ದು, ಅಪ್ಪ ಅಮ್ಮನಿಗಲ್ಲ. ಅವರು ಇಲ್ಲವೆಂದ ಮಾತ್ರಕ್ಕೆ ಮಗುವಿನ ಹಕ್ಕು ಹೋಗುವುದಿಲ್ಲ. ಹಾಗಿದ್ದರೂ ಅಜ್ಜ ಅಜ್ಜಿಯರು ಕಚೇರಿಯಿಂದ ಬರಿಗೈಯಲ್ಲಿ ಮರಳುತ್ತಾರಲ್ಲ, ಅದಕ್ಕೆ ಕಾರಣ ಮಗುವಿಗೆ ಅರ್ಹತೆ ಇಲ್ಲ ಎಂಬುದಲ್ಲ. ಈ ಮಗುವನ್ನು ಸಾಕುತ್ತಿರುವವರು ಇವರೇ ಎಂದು ಹೇಳುವ ಒಂದು ಕಾಗದ ಅವರ ಬಳಿ ಇಲ್ಲ. ಆ ಕಾಗದವನ್ನು ಮೊದಲು ಮಾಡಿಸಿಕೊಂಡರೆ ಮುಂದಿನ ಬಾಗಿಲುಗಳು ಒಂದೊಂದಾಗಿ ತೆರೆಯುತ್ತವೆ ಎಂಬುದೇ ಈ ಬರಹದ ತಿರುಳು.

ಇಂಥ ಮನೆಗಳು ಅಪರೂಪವೇನಲ್ಲ. ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವ ಗಂಡ ಹೆಂಡಿರು ಓಡಾಡುವ ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ, ಓಡಾಡಲಾಗದ ಮಗುವನ್ನು ಊರಲ್ಲೇ ಮುದುಕಿಯ ಹತ್ತಿರ ಬಿಡುತ್ತಾರೆ. ಕಟ್ಟಡದ ಕೆಲಸದ ಜಾಗದ ತಗಡಿನ ಗುಡಿಸಲಲ್ಲಿ ಆ ಮಗುವನ್ನು ನೋಡಿಕೊಳ್ಳುವವರು ಯಾರು? ಅದರಲ್ಲಿ ಕ್ರೌರ್ಯವಿಲ್ಲ, ಬೇರೆ ದಾರಿ ಇಲ್ಲ ಅಷ್ಟೆ. ಇನ್ನು ಕೆಲವೆಡೆ ತಾಯಿ ಹೆರಿಗೆಯಲ್ಲೋ ಕಾಯಿಲೆಯಲ್ಲೋ ಹೋಗಿರುತ್ತಾಳೆ. ಮತ್ತೆ ಕೆಲವು ಮನೆಗಳಲ್ಲಿ ಮಗುವಿನ ಅಂಗವೈಕಲ್ಯವೇ ಸಂಸಾರ ಒಡೆಯಲು ನೆಪವಾಗಿರುತ್ತದೆ. ‘ನಿನ್ನ ಕಡೆಯಿಂದ ಬಂದದ್ದು’ ಎಂದು ತಾಯಿಯ ಮೇಲೆ ಹೊರಿಸಿ ಗಂಡ ಹೊರಟುಹೋಗಿರುತ್ತಾನೆ, ಅವಳು ಗಾರ್ಮೆಂಟ್ಸಿಗೆ ದುಡಿಯಲು ಹೋಗಿರುತ್ತಾಳೆ. ಕಾರಣ ಯಾವುದಾದರೂ ಇರಲಿ, ಮಗುವನ್ನು ಎತ್ತಿಕೊಂಡು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವವರು ಮಾತ್ರ ಮಂಡಿನೋವಿನ ಅಜ್ಜಿ.

ಕಾನೂನು ಇವರನ್ನು ಹೇಗೆ ನೋಡುತ್ತದೆ? 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 9ನೇ ಸೆಕ್ಷನ್ ಈ ವಿಷಯದಲ್ಲಿ ಮನುಷ್ಯತ್ವದಿಂದ ಮಾತಾಡುತ್ತದೆ. ತಂದೆ ತಾಯಿ ನೋಡಿಕೊಳ್ಳಲಾಗದ ಸ್ಥಿತಿಯಲ್ಲಿದ್ದರೆ ನ್ಯಾಯಾಲಯ ಮಗುವನ್ನು ಮೊದಲು ಹತ್ತಿರದ ಬಂಧುಗಳಿಗೆ ಒಪ್ಪಿಸಬೇಕು, ಅದು ಆಗದಿದ್ದರೆ ಸಮುದಾಯದೊಳಗೇ ಕುಟುಂಬದಂಥ ವಾತಾವರಣದಲ್ಲಿ ಇರಿಸಬೇಕು, ಆಶ್ರಯಧಾಮ ತೀರಾ ಅಪವಾದದ ಸಂದರ್ಭದಲ್ಲಿ ಮಾತ್ರ. ಅಂದರೆ ಅಜ್ಜಿಯ ಮನೆಯೇ ಕಾನೂನಿನ ಮೊದಲ ಆಯ್ಕೆ. ಆದರೆ 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ ಪ್ರಕಾರ ಸಹಜ ಪೋಷಕರೆಂದರೆ ತಂದೆ, ನಂತರ ತಾಯಿ. ಅಜ್ಜ ಅಜ್ಜಿಯ ಹೆಸರು ಅಲ್ಲಿಲ್ಲ. ಇದರ ಪಕ್ಕದಲ್ಲಿ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಕಾಯ್ದೆಯನ್ನು ಇಟ್ಟು ನೋಡಿ. ಅಲ್ಲಿ ‘ಮಕ್ಕಳು’ ಎಂಬುದರೊಳಗೆ ವಯಸ್ಕ ಮೊಮ್ಮಗ, ಮೊಮ್ಮಗಳೂ ಸೇರುತ್ತಾರೆ. ಅಜ್ಜಿಯನ್ನು ನೋಡಿಕೊಳ್ಳುವ ಹೊಣೆ ಮೊಮ್ಮಕ್ಕಳ ಮೇಲೂ ಇದೆ. ಬೆಳೆದ ಮೊಮ್ಮಗ ಅಜ್ಜಿಯನ್ನು ಸಾಕಬೇಕೆನ್ನುವಾಗ ಕಾಣುವ ಸಂಬಂಧ, ಅಜ್ಜಿ ಮೊಮ್ಮಗನನ್ನು ಸಾಕುತ್ತಿರುವಾಗ ಅರ್ಜಿಯ ಕಾಲಮ್ಮಿನಲ್ಲಿ ಕಾಣೆಯಾಗುತ್ತದೆ. ಇದು ಸರಿಯಲ್ಲ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಈ ಕಾಣದಿರುವಿಕೆ ಶುರುವಾಗುವುದು ಸರ್ಟಿಫಿಕೇಟಿನಿಂದಲೇ. ಯಾವ ಸೌಲಭ್ಯಕ್ಕೂ ಮೊದಲು ಬೇಕಾದದ್ದು ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡು. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು, 2016ರದ್ದರಲ್ಲಿ 21 ಇವೆ; ಆಟಿಸಂ, ಮಸ್ಕ್ಯುಲರ್ ಡಿಸ್ಟ್ರೋಫಿ, ತಲಸ್ಸೇಮಿಯಾ, ಕಲಿಕೆಯ ನ್ಯೂನತೆ ಎಲ್ಲವೂ ಈಗ ಪಟ್ಟಿಯಲ್ಲಿವೆ. ‘ನಮ್ಮ ಮಗು ನಡೆಯುತ್ತದೆ, ಹಾಗಾಗಿ ಸಿಗಲಾರದು’ ಎಂದುಕೊಂಡು ಸುಮ್ಮನಿರಬೇಡಿ. ಅರ್ಜಿ ಆನ್‌ಲೈನ್, ತಪಾಸಣೆ ಸರ್ಕಾರಿ ಆಸ್ಪತ್ರೆಯಲ್ಲಿ. ಶೇ 40 ಮತ್ತು ಅದಕ್ಕಿಂತ ಹೆಚ್ಚು ಎಂದು ವೈದ್ಯರು ನಮೂದಿಸಿದರೆ ಹೆಚ್ಚಿನ ಸೌಲಭ್ಯಗಳಿಗೆ ದಾರಿಯಾಗುತ್ತದೆ. ಅಪ್ರಾಪ್ತ ಮಗುವಿನ ಪರವಾಗಿ ‘ಕಾನೂನುಬದ್ಧ ಪೋಷಕರು’ ಅಥವಾ ಮಗುವನ್ನು ನೋಡಿಕೊಳ್ಳುತ್ತಿರುವ ನೋಂದಾಯಿತ ಸಂಸ್ಥೆ ಅರ್ಜಿ ಹಾಕಬಹುದು ಎನ್ನುತ್ತವೆ ನಿಯಮಗಳು. ಅಜ್ಜಿ ಮೊದಲು ಎಡವುವುದು ಈ ಮಾತಿನಲ್ಲಿ.

ಬೌದ್ಧಿಕ ಬೆಳವಣಿಗೆ ಕುಂಠಿತವಾದ ಮಕ್ಕಳ ಸರ್ಟಿಫಿಕೇಟನ್ನು 5, 10 ಮತ್ತು 18ನೇ ವಯಸ್ಸಿನಲ್ಲಿ ಮತ್ತೆ ತಪಾಸಣೆ ಮಾಡಿಸಿ ನವೀಕರಿಸಬೇಕು; 18ಕ್ಕೆ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ. ನನಗೆ ಪರಿಚಯವಿರುವ ಒಂದು ಮನೆಯಲ್ಲಿ ಮಗುವಿಗೆ ಹತ್ತು ತುಂಬಿದ ಮೇಲೆ ಮಾಸಾಶನ ಇದ್ದಕ್ಕಿದ್ದಂತೆ ನಿಂತಿತು. ಯಾರೋ ಅಣ್ಣ ತಮ್ಮಂದಿರು ಹೊಟ್ಟೆಕಿಚ್ಚಿಗೆ ಅರ್ಜಿ ಕೊಟ್ಟು ನಿಲ್ಲಿಸಿದರೆಂದು ಅಜ್ಜ ನಂಬಿದ್ದರು, ಅವರ ಜೊತೆ ಮಾತು ಬಿಟ್ಟಿದ್ದರು. ಸರ್ಟಿಫಿಕೇಟಿನ ಅವಧಿ ಮುಗಿದಿತ್ತು, ಅಷ್ಟೇ. ಅದನ್ನು ಯಾರೂ ಅವರಿಗೆ ಓದಿ ಹೇಳಿರಲಿಲ್ಲ. ನಿಮ್ಮ ಮನೆಯ ಸರ್ಟಿಫಿಕೇಟನ್ನು ಈ ಹೊತ್ತೇ ತೆಗೆದು, ಅದರ ಮೇಲೆ ಅವಧಿ ಬರೆದಿದೆಯೇ ಎಂದು ಓದಬಲ್ಲವರಿಂದ ಓದಿಸಿಕೊಳ್ಳಿ.

ಈಗ, ಮಗುವನ್ನು ಸಾಕುತ್ತಿರುವವರು ಯಾರು ಎಂದು ಹೇಳುವ ಆ ಕಾಗದದ ವಿಷಯ. ಮಗುವಿಗೆ 18 ತುಂಬುವ ಮೊದಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. 2015ರ ಬಾಲನ್ಯಾಯ ಕಾಯ್ದೆಯಡಿ, ನೋಡಿಕೊಳ್ಳಲು ತಂದೆ ತಾಯಿ ಇಲ್ಲದ ಅಂಗವಿಕಲ ಮಗು ‘ಪಾಲನೆ ಮತ್ತು ರಕ್ಷಣೆ ಬೇಕಾದ ಮಗು’ ಎನಿಸುತ್ತದೆ. ಸಮಿತಿ ಮನೆಯ ಪರಿಸ್ಥಿತಿಯ ವರದಿ ತರಿಸಿಕೊಂಡು, ಮಗು ಅಜ್ಜ ಅಜ್ಜಿಯ ಬಳಿಯೇ ಇರಲಿ ಎಂದು ಲಿಖಿತ ಆದೇಶ ಕೊಡಬಹುದು. ಈ ಸಮಿತಿಯ ಹೆಸರು ಕೇಳಿದೊಡನೆ ಅನೇಕ ಅಜ್ಜಿಯರು ಮಗುವನ್ನು ಅವುಚಿಕೊಳ್ಳುತ್ತಾರೆ. ‘ಅಲ್ಲಿಗೆ ಹೋದ್ರೆ ಮಗೀನ ಹಾಸ್ಟೆಲ್ಗೆ ಹಾಕ್ಬಿಡ್ತಾರಂತೆ’ ಎಂದು ಒಬ್ಬಾಕೆ ನನ್ನೆದುರೇ ಅತ್ತಿದ್ದರು. ಆ ಭಯ ಅರ್ಥವಾಗುತ್ತದೆ. ಆದರೆ ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯವಾಗಿರಬೇಕು, ಕುಟುಂಬವೇ ಮೊದಲು ಎಂಬುದು ಆ ಕಾಯ್ದೆಯ ಮೂಲತತ್ವಗಳಲ್ಲೇ ಒಂದು. ಪ್ರೀತಿಯಿಂದ ಸಾಕುತ್ತಿರುವ ಅಜ್ಜಿಯಿಂದ ಮಗುವನ್ನು ಕಿತ್ತುಕೊಳ್ಳುವುದಕ್ಕೆ ಆ ಸಮಿತಿಯನ್ನು ಮಾಡಿಲ್ಲ. ಅಲ್ಲಿಗೆ ತಲುಪುವ ಬಗೆ ಗೊತ್ತಿಲ್ಲದಿದ್ದರೆ 1098ಕ್ಕೆ ಕರೆ ಮಾಡಿದರೂ ಸಾಕು.

ಎರಡನೆಯದು ನ್ಯಾಯಾಲಯ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಅರ್ಜಿ ಹಾಕಿ ಅಜ್ಜನೋ ಅಜ್ಜಿಯೋ ಪೋಷಕರಾಗಿ ನೇಮಕವಾಗಬಹುದು. ಮಗುವಿನ ಹೆಸರಿಗೆ ಜಮೀನು, ಮನೆ, ವಿಮೆಯ ಹಣ ಏನಾದರೂ ಇದ್ದರೆ ಇದೇ ಗಟ್ಟಿಯಾದ ದಾರಿ. ‘ಕೋರ್ಟು, ವಕೀಲರು ಅಂದ್ರೆ ಮನೆ ಮಾರ್ಬೇಕು’ ಎಂದು ಹೆದರುವವರು ಒಂದು ಮಾತು ನೆನಪಿಡಬೇಕು. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಅಂಗವಿಕಲರಿಗೆ ಉಚಿತ ವಕೀಲರನ್ನು ಕೊಡಲೇಬೇಕು. ಅಂಗವಿಕಲ ಮೊಮ್ಮಗುವನ್ನು ಸಾಕುತ್ತಿರುವ ಅಜ್ಜಿಗೆ ಈ ಮೂರು ಕಾರಣಗಳೂ ಒಟ್ಟಿಗೇ ಒದಗುತ್ತವೆ. ತಾಲ್ಲೂಕು ಕಾನೂನು ಸೇವಾ ಸಮಿತಿಯ ಕೊಠಡಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಫೋನಿನಲ್ಲಿ ಕೇಳುವುದಾದರೆ 15100.

ಕಾಗದ ಕೈಗೆ ಬಂದ ಮೇಲೆ ಮಾಸಾಶನಕ್ಕೆ ಹೋಗೋಣ. ಕೇಂದ್ರ ಸರ್ಕಾರದ ಅಂಗವಿಕಲರ ಪಿಂಚಣಿ 18 ವರ್ಷ ದಾಟಿದ, ಶೇ 80 ಅಥವಾ ಅದಕ್ಕೂ ಹೆಚ್ಚು ಅಂಗವೈಕಲ್ಯವಿರುವ, ಬಡತನ ರೇಖೆಯ ಕೆಳಗಿನವರಿಗೆ ಮಾತ್ರ. ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಮಕ್ಕಳು ಅದರ ಲೆಕ್ಕದಲ್ಲೇ ಇಲ್ಲ. ಕರ್ನಾಟಕದ ಯೋಜನೆ ಇಲ್ಲಿ ಉದಾರವಾಗಿದೆ, ಮಕ್ಕಳಿಗೂ ಕೊಡುತ್ತದೆ. 2021ರಲ್ಲಿ ಶೇ 40ರಿಂದ 75ರವರೆಗಿನವರ ಮೊತ್ತವನ್ನು 600ರಿಂದ 800 ರೂಪಾಯಿಗೆ ಏರಿಸಲಾಯಿತು. ಅದಕ್ಕೂ ಮೇಲ್ಪಟ್ಟವರಿಗೆ 1,400. ಅರ್ಜಿ ನಾಡಕಚೇರಿಯಲ್ಲಿ. ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿಯೊಳಗೆ ಇರಬೇಕು.

ಇಲ್ಲೊಂದು ತೊಡಕಿದೆ. ಯಾರ ಕುಟುಂಬ, ಯಾರ ಆದಾಯ? ಮಗುವಿನ ಹೆಸರು ಇನ್ನೂ ಅಪ್ಪನ ರೇಷನ್ ಕಾರ್ಡಿನಲ್ಲೇ ಇದ್ದರೆ, ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಆ ಅಪ್ಪನ ಸಂಪಾದನೆಯೇ ಮಗುವಿನ ಆದಾಯವಾಗಿ ಎದುರು ನಿಲ್ಲುತ್ತದೆ. ಆತ ಕಾಸು ಕಳಿಸಿ ಎಷ್ಟೋ ವರ್ಷವಾಗಿದೆ ಎಂಬುದು ಕಂಪ್ಯೂಟರಿಗೆ ತಿಳಿಯುವುದಿಲ್ಲ. ಆದ್ದರಿಂದ ಮಗುವಿನ ಹೆಸರನ್ನು ಮೊದಲು ಅಜ್ಜಿಯ ರೇಷನ್ ಕಾರ್ಡಿಗೆ ವರ್ಗ ಮಾಡಿಸಿ. ಆಧಾರ್ ಕಾರ್ಡಿನ ವಿಳಾಸವನ್ನೂ ಬದಲಿಸಿ. ಮಗು ಯಾರ ಆಸರೆಯಲ್ಲಿದೆ ಎಂದು ಸ್ಥಳ ಮಹಜರು ಮಾಡಿ ವರದಿ ಕೊಡಿ ಎಂದು ಗ್ರಾಮ ಆಡಳಿತ ಅಧಿಕಾರಿಗೆ, ನಾವು ಗ್ರಾಮಲೆಕ್ಕಿಗರು ಎನ್ನುತ್ತಿದ್ದವರಿಗೆ, ಬರಹದಲ್ಲಿ ಕೇಳಿ. ಬಾಯಿಮಾತಿನ ವಿನಂತಿಗೆ ಬಾಯಿಮಾತಿನ ಉತ್ತರವೇ ಸಿಗುವುದು. ಅರ್ಜಿ ಕೊಟ್ಟ ಮೇಲೆ ಸಕಾಲದ ಸ್ವೀಕೃತಿ ಸಂಖ್ಯೆ ಪಡೆಯದೆ ಕೌಂಟರ್ ಬಿಟ್ಟು ಬರಬೇಡಿ.

ಇನ್ನೊಂದು ತಪ್ಪು ತಿಳಿವಳಿಕೆ ಹಳ್ಳಿಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ‘ಅಜ್ಜಿಗೆ ಸಂಧ್ಯಾ ಸುರಕ್ಷಾ ಬರ್ತಿದೆ, ಒಂದು ಮನೆಗೆ ಎರಡು ಪಿಂಚಣಿ ಕೊಡಲ್ಲ’ ಎನ್ನುವುದು. ಒಬ್ಬ ವ್ಯಕ್ತಿಗೆ ಎರಡು ಮಾಸಾಶನ ಇಲ್ಲ ಎಂಬುದು ನಿಜ. ಅಜ್ಜಿ ಬೇರೆ ವ್ಯಕ್ತಿ, ಮೊಮ್ಮಗು ಬೇರೆ ವ್ಯಕ್ತಿ. ಅಜ್ಜಿಯದು ವೃದ್ಧಾಪ್ಯದ್ದು, ಮಗುವಿನದು ಅಂಗವೈಕಲ್ಯದ್ದು. ದಲ್ಲಾಳಿಗಳು ಈ ಗೊಂದಲದಲ್ಲೇ ಕಾಸು ಮಾಡಿಕೊಳ್ಳುತ್ತಾರೆ. ‘ನಿಮಗೆ ಬರಲ್ಲ, ಆದ್ರೂ ಮಾಡಿಸ್ಕೊಡ್ತೀನಿ’ ಎಂದು ಬರಬೇಕಾದದ್ದಕ್ಕೇ ದುಡ್ಡು ಕೇಳುತ್ತಾರೆ. ಇವರ ಬದಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹುಡುಕಿ. ಜನ ಅವರನ್ನು ‘ವಿಆರ್‌ಡಬ್ಲ್ಯೂ’ ಎನ್ನುತ್ತಾರೆ, ತಾಲ್ಲೂಕಿನಲ್ಲಿರುವವರು ‘ಎಂಆರ್‌ಡಬ್ಲ್ಯೂ’. ಅವರೂ ಅಂಗವಿಕಲರೇ, ಅಲ್ಪ ಗೌರವಧನಕ್ಕೆ ದುಡಿಯುವವರು. ನಾನು ನೋಡಿದ ಮಟ್ಟಿಗೆ, ಒಬ್ಬ ಅಜ್ಜಿಯ ಅರ್ಜಿ ಕೊನೆ ಮುಟ್ಟಿದ್ದರೆ ಅದರ ಹಿಂದೆ ತ್ರಿಚಕ್ರ ಸ್ಕೂಟರಿನಲ್ಲಿ ಊರೂರು ತಿರುಗುವ ಇಂಥ ಒಬ್ಬರ ಶ್ರಮ ಇದ್ದೇ ಇರುತ್ತದೆ.

ಮೊತ್ತದ ಬಗ್ಗೆಯೂ ನನಗೊಂದು ತಕರಾರಿದೆ. 2016ರ ಕಾಯ್ದೆಯ 24ನೇ ಸೆಕ್ಷನ್, ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಅಂಗವಿಕಲರಿಗೆ ಕೊಡುವ ನೆರವು ಇತರರ ಅಂಥದೇ ಯೋಜನೆಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎನ್ನುತ್ತದೆ. 2021ರಲ್ಲಿ ವಿಧವಾ ವೇತನವೂ 800 ಆಯಿತು, ಶೇ 40ರಿಂದ 75ರವರೆಗಿನ ಅಂಗವಿಕಲರ ಮಾಸಾಶನವೂ 800 ಆಯಿತು. ಕಾಲುಪಾಲು ಹೆಚ್ಚಳ ಎಲ್ಲಿ? ಸಂಧ್ಯಾ ಸುರಕ್ಷಾ 1,200 ಆಯಿತು. ಅಂದರೆ ಅಜ್ಜಿಗೆ 1,200, ಅವಳು ಹೊತ್ತು ತಿರುಗುವ ಮಗುವಿಗೆ 800. ಡಯಾಪರ್, ಫಿಟ್ಸ್ ಮಾತ್ರೆ, ಫಿಸಿಯೊಥೆರಪಿಗೆ ಹೋಗಿ ಬರುವ ಆಟೊ, ಇದರಲ್ಲಿ ಯಾವುದಕ್ಕೆ ಸಾಕು? ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡಬೇಕು ಎಂಬ ಮಾತೂ ಅದೇ 24ನೇ ಸೆಕ್ಷನ್ನಿನಲ್ಲಿದೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿಯಂಥ ಕೆಲವು ಸ್ಥಿತಿಗಳಲ್ಲಿರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವ ಯೋಜನೆಯನ್ನು ನಮ್ಮ ರಾಜ್ಯ ಈಚೆಗೆ ಘೋಷಿಸಿತು. ಒಳ್ಳೆಯ ಹೆಜ್ಜೆ. ದಿನವಿಡೀ ಮಗುವಿನ ಆರೈಕೆ ಮಾಡುವ ಎಲ್ಲ ಅಜ್ಜಿಯರಿಗೂ ಅದು ವಿಸ್ತರಿಸಲಿ ಎಂದು ಕೇಳುವ ಹಕ್ಕು ನಮಗಿದೆ.

ಬಹಳ ಜನರಿಗೆ ಗೊತ್ತೇ ಇಲ್ಲದ ನೆರವು ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ. ಇದು ಅಂಗವೈಕಲ್ಯದ ಯೋಜನೆಯಲ್ಲ, ಮಕ್ಕಳ ಯೋಜನೆ. ಅದಕ್ಕೇ ಅಂಗವಿಕಲರ ಇಲಾಖೆಯಲ್ಲಿ ಕೇಳಿದರೆ ಯಾರೂ ಹೇಳುವುದಿಲ್ಲ. ತಂದೆ ತಾಯಿ ಇಲ್ಲದೆ ಬಂಧುಗಳ ಮನೆಯಲ್ಲಿ ಬೆಳೆಯುವ ಮಕ್ಕಳು, ಗಂಡ ಬಿಟ್ಟ ಅಥವಾ ಗಂಡ ಸತ್ತ ತಾಯಿಯ ಮಕ್ಕಳು, ಹೆತ್ತವರು ಗಂಭೀರ ಕಾಯಿಲೆಯಿಂದ ನೆಲ ಹಿಡಿದಿರುವ ಮನೆಯ ಮಕ್ಕಳು ಇದರಡಿ ಬರುತ್ತಾರೆ. 2022ರ ಮಾರ್ಗಸೂಚಿಯಂತೆ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ಮೀರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ. 800 ರೂಪಾಯಿಗಾಗಿ ವರ್ಷಗಟ್ಟಲೆ ಅಲೆದ ಅಜ್ಜಿಗೆ ಪಕ್ಕದ ಕಟ್ಟಡದಲ್ಲೇ ಇದೊಂದು ಇದೆ ಎಂದು ಹೇಳುವವರಿರಲಿಲ್ಲ ಎಂದರೆ ನನಗೆ ಸಂಕಟವಾಗುತ್ತದೆ. ಕೋವಿಡ್‌ನಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ರಾಜ್ಯವು 2021ರಲ್ಲಿ ಮುಖ್ಯಮಂತ್ರಿ ಬಾಲ ಸೇವಾ ಯೋಜನೆಯಡಿ ತಿಂಗಳಿಗೆ 3,500 ರೂಪಾಯಿ ಘೋಷಿಸಿದಾಗ, ಅಂಥ ಮಕ್ಕಳನ್ನು ಸಾಕುವವರು ಹೆಚ್ಚಾಗಿ ಅಜ್ಜ ಅಜ್ಜಿಯರೇ ಎಂಬುದನ್ನು ಎಲ್ಲರೂ ಒಪ್ಪಿಕೊಂಡಿದ್ದರು. ಬೇರೆ ಕಾರಣಕ್ಕೆ ಅನಾಥವಾದ ಮಗುವಿನ ಅಜ್ಜಿ ಮಾತ್ರ ಏಕೆ ಪುರಾವೆಗಳ ಗಂಟು ಹೊತ್ತು ತಿರುಗಬೇಕು?

ಇನ್ನೊಂದು ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿ ದೊಡ್ಡ ಹಕ್ಕೊಂದು ಸದ್ದಿಲ್ಲದೆ ಕಳೆದುಹೋಗುತ್ತಿದೆ. ತೀರಿಹೋದ ಮಗನೋ ಮಗಳೋ ಕಾರ್ಖಾನೆಯಲ್ಲಿ, ಗಾರ್ಮೆಂಟ್ಸಿನಲ್ಲಿ, ಸೆಕ್ಯುರಿಟಿ ಏಜೆನ್ಸಿಯಲ್ಲಿ ದುಡಿದಿದ್ದರೆ, ಸಂಬಳದಲ್ಲಿ ಪಿಎಫ್ ಹಿಡಿಯುತ್ತಿದ್ದರೆ, ಅವರು 1995ರ ನೌಕರರ ಪಿಂಚಣಿ ಯೋಜನೆಯ ಸದಸ್ಯರಾಗಿದ್ದಿರಬಹುದು. ಕೆಲಸದಲ್ಲಿದ್ದಾಗಲೇ ಸತ್ತವರ ವಿಷಯದಲ್ಲಿ ಹತ್ತು ವರ್ಷ ಸೇವೆ ಆಗಿರಲೇಬೇಕೆಂದಿಲ್ಲ, ಒಂದು ತಿಂಗಳ ವಂತಿಗೆ ಬಿದ್ದಿದ್ದರೂ ಕುಟುಂಬಕ್ಕೆ ಪಿಂಚಣಿಯ ಹಕ್ಕು ಬರುತ್ತದೆ. ತಂದೆ ತಾಯಿ ಇಬ್ಬರೂ ಇಲ್ಲದ ಮಗುವಿಗೆ ಅನಾಥ ಪಿಂಚಣಿ, ಅಂದರೆ ವಿಧವಾ ಪಿಂಚಣಿಯ ಶೇ 75, ತಿಂಗಳಿಗೆ ಕನಿಷ್ಠ 750 ರೂಪಾಯಿ. ಬೇರೆ ಮಕ್ಕಳಿಗೆ ಇದು 25 ವರ್ಷಕ್ಕೆ ನಿಲ್ಲುತ್ತದೆ. ಪೂರ್ಣ ಮತ್ತು ಶಾಶ್ವತ ಅಂಗವೈಕಲ್ಯವಿರುವ ಮಗುವಿಗೆ ಜೀವ ಇರುವವರೆಗೂ ಬರುತ್ತದೆ.

ಮಗಳು ಸತ್ತ ದುಃಖದಲ್ಲಿ ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿಸಿ ಸಾಮಾನು ತಂದ ಅಜ್ಜ, ಆ ಸಾಮಾನಿನ ನಡುವೆ ಇದ್ದ ಸಂಬಳದ ಚೀಟಿ, ಇಎಸ್‌ಐ ಕಾರ್ಡು, ಪಿಎಫ್ ಖಾತೆಯ ಯುಎಎನ್ ನಂಬರ್ ಬರೆದ ಕಾಗದಗಳನ್ನು ರದ್ದಿಗೆ ಹಾಕಿದ್ದನ್ನು ಕೇಳಿದ್ದೇನೆ. ಅವರಿಗೆ ಆ ಕಾಗದ ಏನೆಂದು ಹೇಗೆ ತಿಳಿಯಬೇಕು? ಇಂಥ ಮನೆಯಲ್ಲಿ ಓದು ಬಲ್ಲವರು ಯಾರಾದರೂ ಇದ್ದರೆ ಇಂಥ ಚೀಟಿಗಳನ್ನು ಎತ್ತಿಡಿ. ಇಲ್ಲದಿದ್ದರೂ ಕೆಲಸ ಮಾಡಿದ ಕಂಪನಿಯ ಹೆಸರು, ಮಗಳ ಆಧಾರ್ ಸಂಖ್ಯೆ ಹಿಡಿದು ಭವಿಷ್ಯನಿಧಿ ಕಚೇರಿಯಲ್ಲಿ ವಿಚಾರಿಸಬಹುದು. ಪಿಂಚಣಿಯ ಅರ್ಜಿ ನಮೂನೆ 10ಡಿ. ಅಲ್ಲಿಯೂ ಪೋಷಕರು ಯಾರು ಎಂಬ ಪ್ರಶ್ನೆ ಬರುತ್ತದೆ, ಆಗ ನ್ಯಾಯಾಲಯದ ಆದೇಶ ಕೈಯಲ್ಲಿದ್ದರೆ ಮಾತು ಚಿಕ್ಕದಾಗುತ್ತದೆ. ಕೆಲಸದ ಜಾಗದಲ್ಲೇ ಅಪಘಾತದಿಂದ ಸಾವು ಸಂಭವಿಸಿದ್ದರೆ ಇಎಸ್‌ಐನ ಅವಲಂಬಿತರ ನೆರವನ್ನೂ ಕೇಳಿ.

ಸ್ವಲ್ಪ ಉಳ್ಳವರ ಮನೆಯಲ್ಲೂ ಇದೇ ಗೋಡೆ ಎದುರಾಗುತ್ತದೆ. ಮೈಸೂರಿನ ನಿವೃತ್ತ ನೌಕರರೊಬ್ಬರು ಬರೆದಿದ್ದರು: ಆಟಿಸಂ ಇರುವ ಮೊಮ್ಮಗನ ಥೆರಪಿಗೆ ಪಿಂಚಣಿಯ ಅರ್ಧ ಹೋಗುತ್ತದೆ, ಆದಾಯ ತೆರಿಗೆಯಲ್ಲಿ ರಿಯಾಯಿತಿ ಉಂಟೇ? 1961ರ ಕಾಯ್ದೆಯ 80ಡಿಡಿ ಸೆಕ್ಷನ್ ಅಂಗವಿಕಲ ಅವಲಂಬಿತರನ್ನು ನೋಡಿಕೊಳ್ಳುವವರಿಗೆ 75,000, ತೀವ್ರ ಅಂಗವೈಕಲ್ಯವಿದ್ದರೆ 1,25,000 ರೂಪಾಯಿಯ ಕಡಿತ ಕೊಟ್ಟಿತು. ಆದರೆ ಅವಲಂಬಿತರೆಂದರೆ ಗಂಡ ಹೆಂಡತಿ, ಮಕ್ಕಳು, ತಂದೆ ತಾಯಿ, ಅಣ್ಣ ತಮ್ಮ, ಅಕ್ಕ ತಂಗಿ. ಮೊಮ್ಮಗ ಅದರಲ್ಲಿಲ್ಲ. ಕೇಂದ್ರದ ಕುಟುಂಬ ಪಿಂಚಣಿ ನಿಯಮಗಳಲ್ಲೂ ನೌಕರನ ಅಂಗವಿಕಲ ಮಗನಿಗೆ ಜೀವನಪೂರ್ತಿ ಪಿಂಚಣಿ ಇದೆ, ಮೊಮ್ಮಗನಿಗೆ ಇಲ್ಲ. ತನ್ನ ನಂತರ ತನ್ನ ಪಿಂಚಣಿ ಮೊಮ್ಮಗನಿಗೆ ಹೋಗುತ್ತದೆ ಎಂದು ನಂಬಿ ಬೇರೆ ಏರ್ಪಾಡು ಮಾಡದ ತಾತಂದಿರಿದ್ದಾರೆ. ಅವರಿಗೆ ಈ ಸತ್ಯ ಇಂದೇ ತಿಳಿಯುವುದು ಒಳ್ಳೆಯದು. ಅವಲಂಬಿತರ ಪಟ್ಟಿಗೆ ‘ತಂದೆ ತಾಯಿಯ ಆಸರೆ ಇಲ್ಲದ ಮೊಮ್ಮಕ್ಕಳು’ ಎಂದು ಸೇರಿಸಿದರೆ ಖಜಾನೆಗೆ ಆಗುವ ಹೊರೆ ದೊಡ್ಡದಲ್ಲ.

ಕೆಲವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಈ ಮಕ್ಕಳ ಹಕ್ಕು, ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ; ಹಾಸಿಗೆ ಬಿಟ್ಟು ಏಳಲಾಗದ ಮಗುವಿಗೆ ಮನೆಗೇ ಬಂದು ಕಲಿಸುವ ವ್ಯವಸ್ಥೆ ಸಮಗ್ರ ಶಿಕ್ಷಣದಡಿ ಇದೆ, ಬಿಇಒ ಕಚೇರಿಯಲ್ಲಿ ಈ ಮಕ್ಕಳಿಗಾಗಿಯೇ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿ. ಬೌದ್ಧಿಕ ಅಂಗವೈಕಲ್ಯದ ಅಥವಾ ಜೊತೆಗಾರರಿಲ್ಲದೆ ಓಡಾಡಲಾಗದ ಮಗುವಿನೊಂದಿಗೆ ರೈಲಿನಲ್ಲಿ ಹೋಗುವಾಗ ಮಗುವಿಗೂ ಜೊತೆಗೆ ಹೋಗುವವರಿಗೂ ಟಿಕೆಟ್ ದರದಲ್ಲಿ ದೊಡ್ಡ ರಿಯಾಯಿತಿ ಉಂಟು. 2020ರಲ್ಲಿ ಹಿರಿಯ ನಾಗರಿಕರ ರಿಯಾಯಿತಿ ನಿಂತುಹೋದರೂ ಇದು ನಿಂತಿಲ್ಲ. ನಿಮ್ಹಾನ್ಸ್‌ಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಹೋಗಿಬರುವವರಿಗೆ ಇದು ಸಣ್ಣ ಉಳಿತಾಯವಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ, ಈ ನಾಲ್ಕರಲ್ಲಿ ಒಂದಿದ್ದರೆ ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಖರ್ಚು ಭರಿಸುತ್ತದೆ. ವೈದ್ಯಕೀಯ ಪರೀಕ್ಷೆ ಮಾಡಿಸದೆಯೇ ಸೇರಬಹುದು, ಥೆರಪಿಯ ವೆಚ್ಚವೂ ಸಿಗುತ್ತದೆ. ಹೆತ್ತವರಲ್ಲದ ಕಾನೂನುಬದ್ಧ ಪೋಷಕರ ಬಳಿ ಇರುವವರಿಗೆ ನೋಂದಣಿ ಶುಲ್ಕವೇ ಇಲ್ಲ. ಅಜ್ಜ ಅಜ್ಜಿಯರನ್ನು ನೆನೆದು ಯಾರೋ ಬರೆದ ನಿಯಮದಂತೆ ಅದು ನನಗೆ ಕಾಣುತ್ತದೆ, ಇಂಥವು ಇನ್ನೂ ಬರಲಿ.

‘ನಾವಿರೋ ತನಕ ಸರಿ, ಆಮೇಲೆ?’ ಈ ಪ್ರಶ್ನೆಯನ್ನು ಕೇಳದ ಅಜ್ಜ ಅಜ್ಜಿಯರನ್ನು ನಾನು ಕಂಡಿಲ್ಲ. ಹೆತ್ತವರಿಗಿಂತ ಇವರಿಗೆ ಸಮಯ ಕಡಿಮೆ, ಹಾಗಾಗಿ ಇವರು ಬೇಗ ಏರ್ಪಾಡು ಶುರು ಮಾಡಬೇಕು. ಮಗುವಿಗೆ 18 ತುಂಬಿದ ದಿನ ಹಿಂದಿನ ಆದೇಶಗಳ ಬಲ ಮುಗಿಯುತ್ತದೆ, ಕಾನೂನಿನ ಕಣ್ಣಿನಲ್ಲಿ ಆತ ವಯಸ್ಕ. ಮೇಲೆ ಹೇಳಿದ ನಾಲ್ಕು ಸ್ಥಿತಿಗಳಲ್ಲಿರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಮಟ್ಟದ ಸ್ಥಳೀಯ ಸಮಿತಿ ಪೋಷಕರನ್ನು ನೇಮಿಸುತ್ತದೆ. ತಂದೆ ತಾಯಿಯಷ್ಟೇ ಅಲ್ಲ, ಬಂಧುಗಳೂ ಅರ್ಜಿ ಹಾಕಬಹುದು. ಉಳಿದ ಅಂಗವೈಕಲ್ಯಗಳಲ್ಲಿ, ತಾನೇ ತೀರ್ಮಾನ ಮಾಡಲು ನೆರವು ಬೇಕಾದವರಿಗೆ, 2016ರ ಕಾಯ್ದೆಯ 14ನೇ ಸೆಕ್ಷನ್ನಿನ ಸೀಮಿತ ಪೋಷಕತ್ವವಿದೆ. ನನ್ನ ಸಲಹೆ ಇಷ್ಟು: 75 ದಾಟಿದ ಅಜ್ಜ ತಾನೊಬ್ಬನೇ ಪೋಷಕನಾಗಲು ಹಟ ಹಿಡಿಯಬಾರದು. ಮಗು ಸಲುಗೆಯಿಂದ ಇರುವ ಚಿಕ್ಕಮ್ಮನನ್ನೋ ಸೋದರಮಾವನನ್ನೋ ಈಗಲೇ ಒಪ್ಪಿಸಿ, ಅವರ ಹೆಸರನ್ನೂ ಅರ್ಜಿಯಲ್ಲಿ ಸೇರಿಸಲು ವಕೀಲರನ್ನು ಕೇಳಬೇಕು. ಆಸ್ತಿ ಇದ್ದರೆ ಉಯಿಲು ಬರೆಸುವಾಗ ಮಗುವಿನ ಪಾಲನ್ನು ಬಾಯಿಮಾತಿಗೆ ಬಿಡಬಾರದು. ‘ದೊಡ್ಡವನು ನೋಡ್ಕೋತಾನೆ’ ಎಂಬ ನಂಬಿಕೆಯನ್ನು ಕಾಗದದ ಮೇಲೆ ಇಳಿಸಬೇಕು, ಆ ಪಾಲು ಮಗುವಿನ ಖರ್ಚಿಗೇ ಎಂದು ಬರೆಸಬೇಕು. ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಪೋಷಕರಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ ಪ್ರತಿವರ್ಷ ಲೆಕ್ಕವನ್ನೂ ಸಮಿತಿಗೆ ಕೊಡಬೇಕೆಂಬ ನಿಯಮವಿದೆ, ದುರುಪಯೋಗವಾದರೆ ಅವರನ್ನು ತೆಗೆದುಹಾಕಲೂ ಅವಕಾಶವಿದೆ. ನಾಳೆ ಯಾರು ನೋಡಿಕೊಳ್ಳುತ್ತಾರೋ ಎಂಬ ಅಂಜಿಕೆಗೆ ಅಷ್ಟರಮಟ್ಟಿನ ಕಾವಲು ಕಾಯ್ದೆಯೊಳಗೇ ಇದೆ.

ಸರ್ಕಾರಕ್ಕೂ ಒಂದು ಕೋರಿಕೆ. ನಮ್ಮ ರಾಜ್ಯದಲ್ಲಿ ವಿಕಲಚೇತನರಿಗೂ ಹಿರಿಯ ನಾಗರಿಕರಿಗೂ ಇರುವುದು ಒಂದೇ ಸಬಲೀಕರಣ ಇಲಾಖೆ. ಅಜ್ಜಿಯ ಕಡತವೂ ಮೊಮ್ಮಗುವಿನ ಕಡತವೂ ಒಂದೇ ಸೂರಿನಡಿ ಬೇರೆ ಬೇರೆ ಕಪಾಟಿನಲ್ಲಿವೆ. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಮನೆಗೆ ಭೇಟಿ ಕೊಟ್ಟು, ಈ ಮಗು ಈ ಅಜ್ಜಿಯ ಪಾಲನೆಯಲ್ಲಿದೆ ಎಂದು ವರ್ಷಕ್ಕೊಮ್ಮೆ ದೃಢೀಕರಿಸಿ ಕೊಡುವ ಒಂದು ಪತ್ರವನ್ನು ನಾಡಕಚೇರಿ, ಬ್ಯಾಂಕು, ಶಾಲೆ, ಆಸ್ಪತ್ರೆ ಎಲ್ಲವೂ ಒಪ್ಪುವಂತೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಆಸ್ತಿಯ ವಿಷಯಕ್ಕೆ ಕೋರ್ಟಿನ ಆದೇಶ ಇರಲಿ. ಮಾಸಾಶನದ ಎಂಟುನೂರು ರೂಪಾಯಿಗೆ ಅದು ಬೇಡ. ಅಲ್ಲಿಯವರೆಗೆ, ನಿಮ್ಮ ಬೀದಿಯಲ್ಲಿ ಇಂಥ ಒಂದು ಮನೆ ಇದ್ದರೆ ರೇಷನ್ ಕಾರ್ಡು, ಮಗುವಿನ ಜನನ ಪ್ರಮಾಣಪತ್ರ, ಹೆತ್ತವರ ಮರಣ ಪ್ರಮಾಣಪತ್ರ, ಯುಡಿಐಡಿ ಕಾರ್ಡು ಇವಿಷ್ಟನ್ನು ಒಂದು ಫೈಲಿನಲ್ಲಿ ಜೋಡಿಸಿ, ಎರಡೆರಡು ಜೆರಾಕ್ಸ್ ತೆಗೆಸಿ, ಅಜ್ಜಿಯ ಜೊತೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿಬನ್ನಿ.